ಥೈರಾಯ್ಡ್, ಬಿಪಿ, ಮೂಳೆ ಮಾತ್ರೆ ಎಲ್ಲಾ ಒಟ್ಟಿಗೆ ತಗೋಬಹುದಾ?

ಪ್ರಶ್ನೆ:
ಅಮ್ಮನಿಗೆ ದಿನಾ ಥೈರಾಕ್ಸಿನ್ (ಥೈರಾಯ್ಡ್ ಮಾತ್ರೆ), ಆಮ್ಲೋಡಿಪಿನ್ (ಬಿಪಿ ಮಾತ್ರೆ), ಕ್ಯಾಲ್ಸಿಯಂ ಇದೆ. ಈಗ ಆಸ್ಟಿಯೊಪೊರೋಸಿಸ್‌ಗೆ (ಮೂಳೆ ಟೊಳ್ಳಾಗುವ ಕಾಯಿಲೆ) ವಾರಕ್ಕೊಂದು ಅಲೆಂಡ್ರೊನೇಟ್ 70 ಮಿಲಿಗ್ರಾಂ ಸೇರಿದೆ. ಅವರು ಎಲ್ಲವನ್ನೂ ಅಂಗೈಗೆ ಹಾಕಿಕೊಂಡು ಕಾಫಿ ಜೊತೆ ಒಂದೇ ಸಲ ನುಂಗುತ್ತಾರೆ, ಆಮೇಲೆ ಸ್ವಲ್ಪ ಹೊತ್ತು ಮಲಗುತ್ತಾರೆ. ತೊಂದರೆ ಇದೆಯಾ?

ಉತ್ತರ 1:
ಇದೆ. ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದ ಹಾಗೆ ಮಾಡುತ್ತದೆ, ಎರಡರ ಮಧ್ಯೆ 4 ಗಂಟೆ ಅಂತರ ಬೇಕು. ಇಲ್ಲದಿದ್ದರೆ ಟಿಎಸ್‌ಎಚ್ (ರಕ್ತ ಪರೀಕ್ಷೆಯಲ್ಲಿ ನೋಡುವ ಥೈರಾಯ್ಡ್ ಅಳತೆ, ಏರಿದರೆ ಮಾತ್ರೆ ಸಾಲುತ್ತಿಲ್ಲ ಅಂತ) ಏರುತ್ತದೆ, ಸುಮ್ನೆ ಥೈರಾಕ್ಸಿನ್ ಡೋಸ್ ಜಾಸ್ತಿ ಮಾಡುತ್ತಾರೆ. ಥೈರಾಕ್ಸಿನ್ ಖಾಲಿ ಹೊಟ್ಟೆಗೆ, ಬರೀ ನೀರಲ್ಲಿ. ಕಾಫಿ ಅರ್ಧ ಗಂಟೆಯಿಂದ ಒಂದು ಗಂಟೆ ಬಿಟ್ಟು.

ಉತ್ತರ 2:
ನನಗೆ ಭಯ ಆಗಿದ್ದು ಆ ಮಲಗೋ ವಿಷಯ. ಅಲೆಂಡ್ರೊನೇಟ್ ಅನ್ನನಾಳದಲ್ಲಿ ನಿಂತರೆ ಅಲ್ಲೇ ಹುಣ್ಣು ಮಾಡುತ್ತದೆ. ಬೆಳಿಗ್ಗೆ ಎದ್ದ ತಕ್ಷಣ, ದೊಡ್ಡ ಲೋಟ ತುಂಬಾ ಬರೀ ನೀರಲ್ಲಿ ನುಂಗಬೇಕು, ಅಗಿಯಬಾರದು, ಆಮೇಲೆ ಕನಿಷ್ಠ 30 ನಿಮಿಷ ಕೂತಿರಬೇಕು ಇಲ್ಲವೇ ಓಡಾಡುತ್ತಿರಬೇಕು, ಬೇರೆ ಏನೂ ತಿನ್ನೋ ಹಾಗಿಲ್ಲ, ಬೇರೆ ಮಾತ್ರೆಯೂ ಇಲ್ಲ. ನುಂಗುವಾಗ ನೋವು, ಹೊಸದಾಗಿ ಎದೆಯುರಿ ಬಂದರೆ ನಿಲ್ಲಿಸಿ ಡಾಕ್ಟರ್‌ಗೆ ಹೇಳಿ.

ಪ್ರಶ್ನೆ ಕೇಳಿದವರು:
ಹಾಗಾದರೆ ಆ ದಿನ ಥೈರಾಕ್ಸಿನ್ ಯಾವಾಗ?

ಉತ್ತರ 2:
ಸಾಮಾನ್ಯವಾಗಿ ಅಲೆಂಡ್ರೊನೇಟ್ ಮೊದಲು, ಅರ್ಧ ಗಂಟೆ ಬಿಟ್ಟು ಥೈರಾಕ್ಸಿನ್, ತಿಂಡಿ ಇನ್ನೂ ಅರ್ಧ ಗಂಟೆ ತಡ. ಅಮ್ಮಂಗೆ ಸಿಟ್ಟು ಬರುತ್ತೆ, ಆದ್ರೆ ವಾರಕ್ಕೊಂದೇ ದಿನ ಅಲ್ವಾ. ಒಮ್ಮೆ ಡಾಕ್ಟರ್ ಹತ್ರ ಖಚಿತ ಮಾಡಿಕೊಳ್ಳಿ.

ಉತ್ತರ 3:
ಆಮ್ಲೋಡಿಪಿನ್‌ಗೆ ಈ ರಗಳೆ ಇಲ್ಲ, ಊಟಕ್ಕೂ ಅದಕ್ಕೂ ಸಂಬಂಧ ಇಲ್ಲ, ದಿನಾ ಒಂದೇ ಹೊತ್ತಿಗೆ ತಗೊಂಡರೆ ಸಾಕು. ಪಾದ ಊದಿಕೊಂಡರೆ ಅದರಿಂದಲೂ ಇರಬಹುದು, ತಾವಾಗೇ ನಿಲ್ಲಿಸಬೇಡಿ, ಕೇಳಿ ಬದಲಾಯಿಸಿ. ಕ್ಯಾಲ್ಸಿಯಂ ಮಧ್ಯಾಹ್ನದ ಊಟದ ಜೊತೆಗೆ ತಳ್ಳಿಬಿಡಿ.