ತೊಡುವ ಚಿನ್ನಕ್ಕೆ ಝಕಾತ್ ಇದೆಯಾ? ತವರಲ್ಲಿ ಒಂದು ಮಾತು, ಗಂಡನ ಮನೆಯಲ್ಲಿ ಇನ್ನೊಂದು

ಮಲ್ನಾಡ್_ಹುಡುಗಿ:
ಅಸ್ಸಲಾಮು ಅಲೈಕುಂ. ನಾನು ಶಿವಮೊಗ್ಗದವಳು, ಮದುವೆಯಾಗಿ ಬಂದಿದ್ದು ಮಂಗಳೂರಿಗೆ. ನನ್ನ ಹತ್ತಿರ 10 ಪವನ್ ಚಿನ್ನ ಇದೆ, ಅಂದರೆ 80 ಗ್ರಾಂ. ತವರಲ್ಲಿ ಅಮ್ಮ ಪ್ರತಿ ರಂಜಾನಿಗೆ ಬಳೆ, ಸರ ಎಲ್ಲಾ ತೂಕ ಮಾಡಿಸಿ ಝಕಾತ್ (ಉಳ್ಳವರು ವರ್ಷಕ್ಕೊಮ್ಮೆ ಬಡವರಿಗೆ ಕೊಡಲೇಬೇಕಾದ ಪಾಲು) ಕೊಡುತ್ತಿದ್ದರು. ಇಲ್ಲಿ ಅತ್ತೆ "ಮೈಮೇಲೆ ಹಾಕೋ ಚಿನ್ನಕ್ಕೆ ಇಲ್ಲಮ್ಮ" ಅಂತಾರೆ. ನಮ್ಮವರು "87 ಗ್ರಾಂ ದಾಟಿಲ್ವಲ್ಲ, ಬಿಡು" ಅಂತಾರೆ. ಬ್ಯಾಂಕಲ್ಲಿ ನನ್ನ ಹೆಸರಲ್ಲಿ 40 ಸಾವಿರ ಇದೆ. ಸಾಲ ಇಲ್ಲ. ಯಾರ ಮಾತು ಕೇಳಲಿ? ಇನ್ನೊಂದು, ತಮ್ಮನ ಅಂಗಡಿ ಮುಚ್ಚಿಹೋಗಿ ಕೈ ಖಾಲಿಯಾಗಿದೆ. ಅವನಿಗೆ ಕೊಡಬಹುದಾ?

ಉಳ್ಳಾಲದವ:
ಅಕ್ಕಾ, ಅತ್ತೆನೂ ಸರಿ, ಅಮ್ಮನೂ ಸರಿ. ಕರಾವಳಿಯ ಬ್ಯಾರಿಗಳು, ಭಟ್ಕಳದ ನವಾಯತರು ಹೆಚ್ಚಾಗಿ ಶಾಫಿ ಮದ್‌ಹಬ್‌ನವರು. ಮದ್‌ಹಬ್ ಅಂದರೆ ಧರ್ಮಶಾಸ್ತ್ರದ ಪಂಥ. ಶಾಫಿಯಲ್ಲಿ ಹೆಂಗಸರು ವಾಡಿಕೆಯಷ್ಟು ತೊಡೋ ಒಡವೆಗೆ ಝಕಾತ್ ಇಲ್ಲ. ಇದನ್ನೇ ನೆಪ ಮಾಡಿಕೊಂಡು ಚಿನ್ನದ ನಾಣ್ಯ, ಬಿಸ್ಕೆಟ್ ಎಲ್ಲಾ ಲಾಕರಲ್ಲಿಟ್ಟು ಸುಮ್ನೆ ಕೂರೋರೂ ಇದ್ದಾರೆ, ಅದಕ್ಕೆ ಶಾಫಿಯಲ್ಲೂ ಝಕಾತ್ ಇದ್ದೇ ಇದೆ. ಘಟ್ಟದ ಮೇಲಿನ ಉರ್ದು ಮಾತಾಡೋರು ಬಹುತೇಕ ಹನಫಿ, ಅವರಲ್ಲಿ ತೊಟ್ಟರೂ ತೊಡದಿದ್ದರೂ ಚಿನ್ನಕ್ಕೆ ಕೊಡಲೇಬೇಕು. ಮದುವೆಯಾದ ಮಾತ್ರಕ್ಕೆ ನಿಮ್ಮ ಮದ್‌ಹಬ್ ಬದಲಾಗಲ್ಲ.

ಲೆಕ್ಕ_ಪಕ್ಕಾ:
ನಿಮ್ಮವರು ಹೇಳಿದ 87.48 ಗ್ರಾಂ, ಅಂದರೆ ಏಳೂವರೆ ತೊಲ, ಬರೀ ಚಿನ್ನ ಇದ್ದವರಿಗೆ ನಿಸಾಬ್, ಅಂದರೆ ಝಕಾತ್ ಬೀಳೋ ಕನಿಷ್ಠ ಮಿತಿ. ಹನಫಿಯಲ್ಲಿ ಜೊತೆಗೆ ದುಡ್ಡೂ ಇದ್ದರೆ ಎರಡನ್ನೂ ಕೂಡಿಸಿ 612.36 ಗ್ರಾಂ ಬೆಳ್ಳಿಯ ಬೆಲೆ ದಾಟಿತಾ ಅಂತ ನೋಡಬೇಕು. ನಿಮ್ಮದು ಆರಾಮಾಗಿ ದಾಟುತ್ತೆ. ನೂರಕ್ಕೆ ಎರಡೂವರೆ: 80 ಗ್ರಾಮಿಗೆ 2 ಗ್ರಾಂ ಚಿನ್ನದ ಬೆಲೆ, 40 ಸಾವಿರಕ್ಕೆ 1 ಸಾವಿರ. ಮೇಕಿಂಗ್ ಚಾರ್ಜ್, ಕಲ್ಲು ಬಿಟ್ಟು ಇವತ್ತಿನ ರೇಟು ಹಿಡಿಯಿರಿ. ಒಡವೆ ನಿಮ್ಮದು, ಹಾಗಾಗಿ ಝಕಾತೂ ನಿಮ್ಮ ಮೇಲೆಯೇ. ಗಂಡ ನಿಮ್ಮನ್ನು ಕೇಳಿ ನಿಮ್ಮ ಪರವಾಗಿ ಕೊಟ್ಟರೆ ಆಗುತ್ತೆ.

ಹಳೇ_ಪೇಟೆ:
ತಮ್ಮನಿಗೆ ಧಾರಾಳವಾಗಿ ಕೊಡಿ, ಅವನ ಹತ್ತಿರ ನಿಸಾಬಿನಷ್ಟು ಇಲ್ಲದಿದ್ದರೆ. ಹನಫಿಯಲ್ಲಿ ಅಪ್ಪ ಅಮ್ಮ, ಅಜ್ಜ ಅಜ್ಜಿ, ಮಕ್ಕಳು ಮೊಮ್ಮಕ್ಕಳು, ಗಂಡ, ಇವರಿಗೆ ಆಗಲ್ಲ. ಝಕಾತ್ ಅಂತ ಬಾಯಿಬಿಟ್ಟು ಹೇಳಿ ಅವನ ಮುಖ ಸಣ್ಣ ಮಾಡಬೇಡಿ, ನಿಮ್ಮ ಮನಸ್ಸಲ್ಲಿ ನಿಯ್ಯತ್ (ಸಂಕಲ್ಪ) ಇದ್ದರೆ ಸಾಕು, "ಹಬ್ಬದ ಖರ್ಚಿಗೆ ಇಟ್ಟುಕೋ" ಅನ್ನಿ. ಆದರೆ ಅವನು ನಿಮಗೆ ಕೊಡಬೇಕಾದ ಹಳೇ ಸಾಲ ಮನ್ನಾ ಮಾಡಿ ಅದೇ ಝಕಾತ್ ಅನ್ನೋ ಹಾಗಿಲ್ಲ. ರಂಜಾನಲ್ಲಿ ಅಂಗಡಿ ಮುಂದೆ ಹೆಂಗಸರನ್ನು ಸಾಲು ನಿಲ್ಲಿಸಿ ನೂರು ನೂರು ರೂಪಾಯಿ ಹಂಚೋರನ್ನು ನೋಡಿದರೆ ನನಗಂತೂ ಮೈ ಉರಿಯುತ್ತೆ.

ಮಲ್ನಾಡ್_ಹುಡುಗಿ:
ಜಝಾಕಲ್ಲಾಹ್. ಇಷ್ಟು ದುಡ್ಡು ಒಟ್ಟಿಗೆ ತೆಗೆದರೆ ಕಷ್ಟ. ತಿಂಗಳಿಗಿಷ್ಟು ಅಂತ ಕೊಡಬಹುದಾ? ರಂಜಾನಿಗೇ ಕಾಯಬೇಕಾ?

ಲೆಕ್ಕ_ಪಕ್ಕಾ:
ಕಾಯಬೇಡಿ. ಚಿನ್ನ, ದುಡ್ಡು ನಿಸಾಬ್ ದಾಟಿ ಒಂದು ವರ್ಷ, ಉದಾಹರಣೆಗೆ ಹಿಜರಿ (ಚಂದ್ರಮಾನ) ತಿಂಗಳಾದ ರಜಬ್‌ನಲ್ಲಿ ತುಂಬಿದರೆ ರಜಬ್‌ನಲ್ಲೇ ಕೊಡಬೇಕು. ಈ ವರ್ಷದ್ದು ಆದಷ್ಟು ಬೇಗ ಮುಗಿಸಿ. ಮುಂದಿನದ್ದನ್ನು ಈಗಿಂದಲೇ ತಿಂಗಳಿಗಿಷ್ಟು ಅಂತ ಮುಂಗಡ ಕೊಡುತ್ತಾ ಬನ್ನಿ, ಕೊನೆಗೆ ಚಿನ್ನದ ರೇಟು ಏರಿದ್ದರೆ ವ್ಯತ್ಯಾಸ ತುಂಬಿದರಾಯಿತು. ಮಾರ್ಚ್ 31 ಹಿಡಿದು ಲೆಕ್ಕ ಹಾಕಬೇಡಿ, ಹಿಜರಿ ವರ್ಷಕ್ಕೆ 354 ಇಲ್ಲವೇ 355 ದಿನ ಅಷ್ಟೇ.