ಸಹಾಯ ಬೇಕು: ವಾಲ್ವ್ ಬೇಸ್ ಆಂಪ್ಲಿಫೈಯರ್‌ನ ಪವರ್ ಟ್ರಾನ್ಸ್‌ಫಾರ್ಮರ್ ಕೆಟ್ಟಿದೆಯೇ?

ಎಲ್ಲರಿಗೂ ನಮಸ್ಕಾರ. ಡೊಂಬಿವಲಿಯ ನಮ್ಮ ವಾದ್ಯವೃಂದಕ್ಕೆ ಈಚೆಗೆ ಬಂದ ಹಳೆಯ ವಾಲ್ವ್ (ನಿರ್ವಾತ ನಳಿಕೆ) ಬೇಸ್ ಗಿಟಾರ್ ಆಂಪ್ಲಿಫೈಯರ್ ಅಮೆರಿಕದ ಬಳಕೆಗೆ, ಅಂದರೆ 120 ವೋಲ್ಟ್, 60 ಹರ್ಟ್ಸ್‌ಗೆ ತಯಾರಾದದ್ದು. ಇಲ್ಲಿನ 230 ವೋಲ್ಟ್, 50 ಹರ್ಟ್ಸ್‌ಗೆ ಅದನ್ನು ಸ್ಟೆಪ್‌ಡೌನ್ (ವೋಲ್ಟೇಜ್ ಇಳಿಸುವ ಪ್ರತ್ಯೇಕ ಟ್ರಾನ್ಸ್‌ಫಾರ್ಮರ್) ಮೂಲಕ ಜೋಡಿಸಿದ್ದೇವೆ. ಸ್ಟ್ಯಾಂಡ್‌ಬೈ ಸ್ವಿಚ್ಚನ್ನು ಮುಟ್ಟದೆ ಬರೀ ಪವರ್ ಹಾಕಿಟ್ಟರೂ ಸ್ವಲ್ಪ ಹೊತ್ತಿನಲ್ಲೇ ಫ್ಯೂಸ್ ಹೋಗುತ್ತದೆ.

ಕೆಪಾಸಿಟರ್‌ಗಳನ್ನು ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡಿ, ಮೀಟರಿನಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ಕೈ ಹಾಕಿದ್ದೇನೆ. ಎಲ್ಲ ವಾಲ್ವ್‌ಗಳನ್ನು ತೆಗೆದು, ಮುಂಬೈನ ಲ್ಯಾಮಿಂಗ್ಟನ್ ರಸ್ತೆಯ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಿಂದ ತಂದ 1ಎನ್4007 ಡಯೋಡ್‌ಗಳನ್ನೂ ಹೊಸ ಫಿಲ್ಟರ್ ಕೆಪಾಸಿಟರ್‌ಗಳನ್ನೂ ಹಾಕಿದರೂ ಫಲವಿಲ್ಲ. ಕೊನೆಗೆ ಆಂಪ್ಲಿಫೈಯರ್‌ನ ಟ್ರಾನ್ಸ್‌ಫಾರ್ಮರಿನಿಂದ ಹೊರಡುವ ಹೈವೋಲ್ಟೇಜ್, ಫಿಲಮೆಂಟ್, ಬಯಾಸ್ ತಂತಿಗಳನ್ನೆಲ್ಲ ಬಿಡಿಸಿ, 230 ವೋಲ್ಟ್ ಬದಿಯಲ್ಲಿ 60 ವ್ಯಾಟಿನ ಹಳೆಯ ಬಲ್ಬನ್ನು, ಕರೆಂಟ್ ಮಿತಿಯಲ್ಲಿರಲೆಂದೂ ಹೆಚ್ಚು ಕರೆಂಟ್ ಹರಿದರೆ ಬೆಳಗಿ ತೋರಿಸಲೆಂದೂ, ಸೀರೀಸ್‌ನಲ್ಲಿ ಇಟ್ಟು ನೋಡಿದೆ. ಬಲ್ಬಿನ ಎಳೆ ಮಂದವಾಗಿ ಕೆಂಪಗೆ ಉಳಿಯುತ್ತದೆ, ಟ್ರಾನ್ಸ್‌ಫಾರ್ಮರ್ ಗುಂಯ್‌ಗುಡುತ್ತ ಬೆಚ್ಚಗಾಗುತ್ತದೆ; ಸ್ಟೆಪ್‌ಡೌನ್ ಒಂದನ್ನೇ ಜೋಡಿಸಿದರೆ ಬಲ್ಬ್ ಹೊತ್ತುವುದೇ ಇಲ್ಲ.

ರೀವೈಂಡಿಂಗ್ ಮಾಡುವವರು, ನೋಡಿದ ಕ್ಷಣವೇ, ವೈಂಡಿಂಗ್ ಶಾರ್ಟ್ (ಒಳಗಿನ ತಂತಿಯ ಸುತ್ತುಗಳು ಒಂದಕ್ಕೊಂದು ತಗುಲಿವೆ) ಎಂದರು. ಆದರೆ ಅದೇ ವೋಲ್ಟೇಜಿನಲ್ಲಿ 60ರ ಬದಲು 50 ಹರ್ಟ್ಸ್ ಕೊಟ್ಟಾಗ ಕೋರಿನ ಕಾಂತೀಯ ಫ್ಲಕ್ಸ್ ಶೇ. 20ರಷ್ಟು ಹೆಚ್ಚಬೇಕಾಗುವುದರಿಂದ, ಸರಿಯಿರುವ ಟ್ರಾನ್ಸ್‌ಫಾರ್ಮರೂ ಹೀಗೆಯೇ ವರ್ತಿಸಬಹುದೆಂಬ ಅನುಮಾನ ನನ್ನದು. ಹೈವೋಲ್ಟೇಜ್ ವೈಂಡಿಂಗಿನ ಸೆಂಟರ್‌ಟ್ಯಾಪಿನ (ನಡುವಿನಿಂದ ತೆಗೆದ ತಂತಿ) ಎರಡೂ ಬದಿಯ ಓಮ್ ಅಳತೆ ಹೆಚ್ಚುಕಡಿಮೆ ಸಮನಾಗಿದೆ. ಆದರೂ ನಾಲ್ಕಾರು ಸುತ್ತುಗಳಷ್ಟೇ ಶಾರ್ಟ್ ಆಗಿದ್ದರೆ ಮಲ್ಟಿಮೀಟರಿನಲ್ಲಿ ಅದು ತಿಳಿಯುವುದಿಲ್ಲ.

ಈ ಎರಡು ಕಾರಣಗಳನ್ನು ಬೇರ್ಪಡಿಸಲು, ಫ್ಲಕ್ಸ್ 120 ವೋಲ್ಟ್, 60 ಹರ್ಟ್ಸ್‌ನಲ್ಲಿದ್ದಷ್ಟೇ ಆಗುವಂತೆ ವೇರಿಯಾಕ್‌ನಿಂದ (ವೋಲ್ಟೇಜನ್ನು ಬೇಕಾದಷ್ಟಕ್ಕೆ ಹೊಂದಿಸುವ ಸಾಧನ) 100 ವೋಲ್ಟಿಗೆ ಇಳಿಸಿ ಪ್ರೈಮರಿ (ವಿದ್ಯುತ್ ಒಳಬರುವ ಬದಿಯ) ಕರೆಂಟ್ ಅಳೆದರೆ ಸಾಕೇ, ಮತ್ತು ಲೋಡ್ ಇಲ್ಲದಾಗ ಎಷ್ಟು ಕರೆಂಟ್ ಬಂದರೆ ಟ್ರಾನ್ಸ್‌ಫಾರ್ಮರ್ ಕೆಟ್ಟಿದೆಯೆಂದು ತೀರ್ಮಾನಿಸಬೇಕು?