ಏರಿನಲ್ಲಿ ಕ್ಯಾಬೂಸ್ ಕಳಚಿಕೊಳ್ಳುತ್ತಿದೆ, ತಲೆ ಕೆಟ್ಟುಹೋಗಿದೆ

ಹೊಗೆಬಂಡಿ: ಅಮೆರಿಕದ ಡೆನ್ವರ್ ಅಂಡ್ ರಿಯೊ ಗ್ರಾಂಡೆ ನ್ಯಾರೋಗೇಜ್ ರೈಲಿನ ಉದ್ದನೆಯ ಕ್ಯಾಬೂಸ್ (ಗಾಡಿಯ ಕೊನೆಗಿರುವ ಸಿಬ್ಬಂದಿ ಡಬ್ಬಿ), ಅದರ ಪುಟ್ಟ ಮಾದರಿ. ಪೂರ್ತಿ ಮರದಲ್ಲಿ ಮಾಡಿದ್ದು, ಮೂರು ತಿಂಗಳ ಕೆಲಸ. ಏರು ಹತ್ತುವಾಗ ವ್ಯಾಗನ್ನಿನಿಂದ ಕಳಚಿಕೊಂಡು ಹಿಂದಕ್ಕೆ ಓಡುತ್ತದೆ. ಡಬ್ಬಿ ಜೋಡಿಸುವ ಕೊಕ್ಕೆ, ಅದೇ ಕಪ್ಲರ್, ಎರಡು ಸಲ ಬದಲಾಯಿಸಿದೆ. ಇನ್ನೇನು ಮಾಡಲಿ?

ಕೀಲೆಣ್ಣೆ: ಯಾವ ಸ್ಕೇಲು ಮಾರಾಯ್ರೇ, ಅಸಲಿಗಿಂತ ಎಷ್ಟು ಪಟ್ಟು ಚಿಕ್ಕದು? ಮೂರಡಿ ಗೇಜ್ ಅಂದರೆ ಹಳಿಗಳ ನಡುವಿನ ಅಂತರ 1:87ರಲ್ಲಿ 10.5 ಮಿ.ಮೀ., 1:48ರಲ್ಲಿ 19. ಕಪ್ಲರ್ ಹೈಟ್ ನೋಡಿದಿರಾ?

ಮರಗೆಲಸ_ಮಂಜ: ಮಳೆಗಾಲ ಸ್ವಾಮಿ. ಮರ ನೀರು ಕುಡಿದಿದೆ. ಒಳಗಡೆಗೂ ವಾರ್ನಿಷ್ ಹೊಡೆಯಿರಿ.

ಹೊಗೆಬಂಡಿ: 1:48. ಫೋಟೋ ನೋಡಿದರೆ ಗೊತ್ತಾಗಲ್ವಾ? ವಾರ್ನಿಷ್ ಆಗಲೇ ಹೊಡೆದಿದ್ದೇನೆ.

ಮರಗೆಲಸ_ಮಂಜ: ಎರಡು ಕೋಟ್?

ಹಸಿರುಬಾವುಟ: ಗಾರ್ಡ್ ಡಬ್ಬಿ ಅನ್ನೋಕೆ ಏನು ಕಷ್ಟ? ಸುಮ್ನೆ ಕ್ಯಾಬೂಸ್ ಅಂತೆ.

ಕೀಲೆಣ್ಣೆ: ಎರಡೂ ಒಂದೇ ಅಲ್ಲ. ಇದರ ಮಾಡಿನ ಮೇಲೊಂದು ಗೂಡು. ಅಲ್ಲಿ ಕೂತು ಇಡೀ ಗಾಡಿ ನೋಡುತ್ತಿದ್ದರು, ಎಲ್ಲಾದರೂ ಆಕ್ಸಲ್ ಕಾದು ಹೊಗೆ ಬಂತಾ ಅಂತ. ಒಳಗೆ ಒಲೆ, ಮಲಗೋಕೆ ಜಾಗ.

ಹಸಿರುಬಾವುಟ: ಒಲೆ ಇದ್ದರೆ ಹೋಟೆಲ್ ಅನ್ನಿ ಹಾಗಾದರೆ.

ಹೊಗೆಬಂಡಿ: ವಿಷಯಕ್ಕೆ ಬನ್ನಿ ಸಾರ್! ಹೈಟ್ ನೋಡಿದೆ. ಎರಡೂ ತುದಿಯ ಕಪ್ಲರ್ ಒಂದು ಮಿ.ಮೀ. ಕೆಳಗಿವೆ. ವಾಷರ್ ಹಾಕಿ ಎತ್ತಿದೆ. ಎರಡೇ ದಿನ, ಮತ್ತೆ ಇಳಿದಿವೆ.

ಕೀಲೆಣ್ಣೆ: ಎರಡೂ ತುದಿನಾ? ಸೈಡ್ ತೊಲೆಯ ಕೆಳಗೆ ಸ್ಟೀಲ್ ಸ್ಕೇಲ್ ಹಿಡಿದು ನೋಡಿ. ತೊಲೆಯ ಕೆಳಗೆ ಉದ್ದಕ್ಕೂ ಬಿಗಿಯುವ ಟ್ರಸ್ ರಾಡ್ ಯಾವುದರಲ್ಲಿ ಮಾಡಿದ್ದೀರಿ?

ಮರಗೆಲಸ_ಮಂಜ: ಮೂರನೇ ಕೋಟ್ ಹೊಡೆದು ನೋಡಿ ಮೊದಲು.

ಹೊಗೆಬಂಡಿ: ತುದಿಗಳು ಸ್ಕೇಲಿಗೆ ತಾಗುತ್ತವೆ, ನಡುವೆ ಬೆಳಕು ಕಾಣುತ್ತಿದೆ! ರಾಡ್ ಗಿಟಾರ್ ತಂತಿಯದು. ಅದನ್ನು ಬಿಗಿಯುವ ತಿರುಪು, ಟರ್ನ್‌ಬಕಲ್ ನಿಜವಾಗಿಯೂ ತಿರುಗುತ್ತದೆ. ಸಡಿಲ ಅನ್ನಿಸಿದಾಗೆಲ್ಲ ಒಂದೊಂದು ಸುತ್ತು ಬಿಗಿ ಮಾಡುತ್ತಿದ್ದೆ. ಅದನ್ನು ಹೇಳಿರಲಿಲ್ಲ ಅಲ್ವಾ?

ಕೀಲೆಣ್ಣೆ: ಇಲ್ಲ, ಹೇಳಿರಲಿಲ್ಲ! ಅಸಲಿ ಗಾಡಿಯಲ್ಲಿ ಮರದ ತೊಲೆ ಭಾರಕ್ಕೆ ನಡುವೆ ಜೋತುಬೀಳುತ್ತದೆ. ರಾಡ್ ಬಿಗಿದರೆ ತೊಲೆಗೂ ರಾಡಿಗೂ ನಡುವಿನ ಗಿಡ್ಡ ಕಂಬ, ಕ್ವೀನ್ ಪೋಸ್ಟ್, ತೊಲೆಯನ್ನು ಮೇಲಕ್ಕೆ ಒತ್ತುತ್ತದೆ. ನಿಮ್ಮದರಲ್ಲಿ ಭಾರವೇ ಇಲ್ಲ, ಬರೀ ಎಳೆತ. ನಡು ಉಬ್ಬಿ ತುದಿ ಇಳಿದಿದೆ. ತಂತಿ ಕಿತ್ತು ಗಾಳದ ದಾರ ಹಾಕಿ. ಎಳೆಯದೆ ಅಂಟಿಸಿ.

ಮರಗೆಲಸ_ಮಂಜ: ಮರ ಒಣಗಿದ್ದರೆ ಬಗ್ಗುತ್ತಲೇ ಇರಲಿಲ್ಲ.

ಹೊಗೆಬಂಡಿ: ತಂತಿ ಬಿಚ್ಚಿ, ನಡುವೆ ಎರಡು ಡಿಕ್ಷನರಿ ಹೇರಿ ರಾತ್ರಿ ಬಿಟ್ಟೆ. ಉಬ್ಬು ಅರ್ಧ ಇಳಿದಿದೆ.

ಘಾಟ್_ರಾಜ: ನನ್ನ ಲೇಔಟಿನಲ್ಲಿ, ಅಂದರೆ ಮನೆಯ ಮಾದರಿ ಹಳಿಯಲ್ಲಿ, ಅದೇ ರೈಲಿನ ಚಾಮಾ ಊರಿನಿಂದ ಕಂಬ್ರೆಸ್ ಘಾಟಿನವರೆಗೆ ಅಸಲಿ ಲೈನಿನ ಹಾಗೇ 4% ಏರು. 22 ವ್ಯಾಗನ್, ಹಿಂದೆ ಕ್ಯಾಬೂಸ್. ಒಂದು ಸಲವೂ ಕಳಚಿಲ್ಲ.

ಹಸಿರುಬಾವುಟ: ವಿಡಿಯೊ ಹಾಕಿ.

ಘಾಟ್_ರಾಜ: ರೂಮಿಗೆ ಪೇಂಟ್ ಹೊಡೆಸುತ್ತಿದ್ದೇನೆ. ಆಮೇಲೆ.